30 ಆಂಪ್‌ನ ಲೋಡ್ 12 ಆಂಪ್‌ಗೇ ಯಾಕೆ ಟ್ರಿಪ್ ಆಗುತ್ತದೆ?

ಪ್ರಶ್ನೆ: ನಮ್ಮ ಸರ್ವಿಸ್ ಸೆಂಟರ್‌ನಲ್ಲಿ 150 ವೋಲ್ಟ್, 30 ಆಂಪ್, 150 ವ್ಯಾಟ್ ಎಂದು ಬರೆದಿರುವ ಡಿಸಿ ಎಲೆಕ್ಟ್ರಾನಿಕ್ ಲೋಡ್ (ಸೆಟ್ ಮಾಡಿದಷ್ಟು ಕರೆಂಟ್ ಎಳೆದು ಬ್ಯಾಟರಿ ಪರೀಕ್ಷಿಸುವ ಉಪಕರಣ) ಇದೆ. 12 ವೋಲ್ಟ್, 26 ಎಎಚ್ (ಆಂಪ್-ಅವರ್, ಅಂದರೆ ಸಾಮರ್ಥ್ಯ) ಯುಪಿಎಸ್ ಬ್ಯಾಟರಿಗೆ ಹಾಕಿ 12 ಆಂಪ್ ಸೆಟ್ ಮಾಡಿ ಆನ್ ಮಾಡಿದರೆ ಬೀಪ್ ಹೊಡೆದು ‘ಓಪಿಪಿ’ ತೋರಿಸಿ ಆಫ್ ಆಗುತ್ತದೆ. ಕೆಲವು ಬ್ಯಾಟರಿಗೆ ಮಾತ್ರ ಏನೂ ಆಗುವುದಿಲ್ಲ. ಲೋಡ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಓಪಿಪಿ ಎಂದರೆ ಓವರ್ ಪವರ್ ಪ್ರೊಟೆಕ್ಷನ್. ಲೇಬಲ್‌ನಲ್ಲಿರುವ ಮೂರು ಅಂಕಿಗಳೂ ಒಟ್ಟಿಗೆ ಸಿಗುವಂಥವಲ್ಲ. 150 ವ್ಯಾಟ್ ಮೀರದೆ 30 ಆಂಪ್ ಎಳೆಯಬೇಕಾದರೆ ವೋಲ್ಟೇಜ್ 5ರ ಒಳಗಿರಬೇಕು. 150 ವೋಲ್ಟ್ ಕೊಟ್ಟರೆ 1 ಆಂಪ್ ಅಷ್ಟೇ.

ಈಗ ನಿಮ್ಮ ಬ್ಯಾಟರಿಯ ಲೆಕ್ಕ ನೋಡಿ. ಪೂರ್ತಿ ಚಾರ್ಜ್ ಆದದ್ದು ಲೋಡ್ ಬಿದ್ದ ಮೊದಲ ಕ್ಷಣದಲ್ಲಿ 12.6 ವೋಲ್ಟ್‌ನಲ್ಲಿ ನಿಂತರೆ 12.6 × 12 = 151.2 ವ್ಯಾಟ್. ಮಿತಿ ದಾಟಿತು, ಟ್ರಿಪ್ ಆಯಿತು. ಅರ್ಧ ಇಳಿದ ಬ್ಯಾಟರಿ 12.1ಕ್ಕೆ ಕುಸಿದರೆ 145.2 ವ್ಯಾಟ್, ಅದು ಸರಾಗವಾಗಿ ಓಡುತ್ತದೆ. ಚೆನ್ನಾಗಿರುವ ಬ್ಯಾಟರಿಗೆ ಅಲಾರ್ಮ್, ಸೊರಗಿದ ಬ್ಯಾಟರಿಗೆ ಪಾಸ್! ಇದನ್ನು ತಿಳಿಯದೆ ಒಳ್ಳೆಯ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ.

10 ಆಂಪ್‌ಗೆ ಇಳಿಸಿ. 12.8 ವೋಲ್ಟ್ ಇದ್ದರೂ 128 ವ್ಯಾಟ್ ಆಗುತ್ತದೆ, ಸಾಕಷ್ಟು ಜಾಗ ಉಳಿಯುತ್ತದೆ. ಟೆಸ್ಟ್ ಮುಗಿದಾಗ 26 ಎಎಚ್ ಬರಲಿಲ್ಲವೆಂದು ಗಾಬರಿಯಾಗಬೇಡಿ. ಆ ಅಂಕಿ ಸಾಮಾನ್ಯವಾಗಿ 20 ಗಂಟೆಯ ದರದ್ದು, ಅಂದರೆ 1.3 ಆಂಪ್‌ನದ್ದು. 10 ಆಂಪ್‌ಗೆ ಎಷ್ಟು ಸಿಗಬೇಕು ಎಂಬುದನ್ನು ಬ್ಯಾಟರಿ ಕಂಪನಿಯ ಡಿಸ್‌ಚಾರ್ಜ್ ಟೇಬಲ್ ನೋಡಿಯೇ ಹೇಳಬೇಕು.

ಆನ್ ಒತ್ತುವ ಮೊದಲು ಡಿಸ್‌ಪ್ಲೇಯಲ್ಲಿ ಎರಡು ಸಂಗತಿ ನೋಡಿಕೊಳ್ಳಿ. ಮೊದಲನೆಯದು ವೋಲ್ಟೇಜ್: ಲೋಡ್ ಆಫ್ ಇದ್ದಾಗಲೂ ಬ್ಯಾಟರಿಯ ವೋಲ್ಟೇಜ್ ಕಾಣಬೇಕು. 12.8ರ ಬದಲು ಸೊನ್ನೆ ಅಥವಾ ಮೈನಸ್ ಕಂಡರೆ ವೈರಿಂಗ್ ತಪ್ಪಿದೆ. ಎರಡನೆಯದು ಮೋಡ್. ಸಿಸಿ (ಕರೆಂಟ್ ಸ್ಥಿರ) ಇರಬೇಕಾದಲ್ಲಿ ಸಿವಿ (ವೋಲ್ಟೇಜ್ ಸ್ಥಿರ) ಮೋಡ್ ಉಳಿದುಬಿಟ್ಟು 10 ವೋಲ್ಟ್ ಸೆಟ್ ಆಗಿದ್ದರೆ, ಬ್ಯಾಟರಿಯನ್ನು 10ಕ್ಕೆ ಇಳಿಸಲು ಲೋಡ್ ತನ್ನಿಂದಾದಷ್ಟೂ ಕರೆಂಟ್ ಎಳೆಯುತ್ತದೆ. ಆಗ ಓಸಿಪಿ (ಓವರ್ ಕರೆಂಟ್ ಪ್ರೊಟೆಕ್ಷನ್) ಅಥವಾ ಓಪಿಪಿ ಖಚಿತ. ಸಿಆರ್ (ರೆಸಿಸ್ಟೆನ್ಸ್ ಸ್ಥಿರ) ಮೋಡ್‌ನಲ್ಲಿ 1 ಓಮ್ ಇಟ್ಟರೂ 12.8 ವೋಲ್ಟ್‌ಗೆ ಸುಮಾರು 164 ವ್ಯಾಟ್ ಆಗುತ್ತದೆ. ಇನ್ನೊಂದು ಮಾತು: ಪರದೆಯಲ್ಲಿ ಸೆಟ್ ಮಾಡಿದ ಆಂಪ್ ಬೇರೆ, ನಿಜವಾಗಿ ಹರಿಯುತ್ತಿರುವ ಆಂಪ್ ಬೇರೆ. ಎರಡೂ ಹೊಂದದೆ ‘ಅನ್‌ರೆಗ್’ ಎಂಬ ಗುರುತು ಹೊತ್ತಿದರೆ, ಅಷ್ಟು ಕರೆಂಟ್ ಕೊಡಲು ಮೂಲಕ್ಕೆ ಆಗುತ್ತಿಲ್ಲ ಅಥವಾ ಲೋಡ್ ಕೆಲಸ ಮಾಡಲು ಬೇಕಾದಷ್ಟು ವೋಲ್ಟೇಜ್ ಉಳಿದಿಲ್ಲ ಎಂದರ್ಥ.

ಅಲಾರ್ಮ್ ಬಂದಾಗ ಬಝರ್ ನಿಲ್ಲಿಸಿದ ಮಾತ್ರಕ್ಕೆ ದೋಷ ಹೋಗುವುದಿಲ್ಲ. ಲೋಡ್ ಆಫ್ ಮಾಡಿ, ಪರದೆಯ ಕೋಡ್ ಬರೆದಿಟ್ಟುಕೊಳ್ಳಿ, ಕಾರಣ ಸರಿಪಡಿಸಿ, ಆಮೇಲೆ ಕ್ಲಿಯರ್ ಒತ್ತಿ ಮತ್ತೆ ಆನ್ ಮಾಡಿ. ಕೆಲವು ಮಾಡೆಲ್‌ಗಳಲ್ಲಿ ಕ್ಲಿಯರ್ ಬಟನ್ ಬದಲು ಎಸ್ಕೇಪ್ ಇರುತ್ತದೆ. ಓವಿಪಿ (ಓವರ್ ವೋಲ್ಟೇಜ್ ಪ್ರೊಟೆಕ್ಷನ್) ಬಂದರೆ ಮಾತ್ರ ಬಟನ್ ಹುಡುಕುತ್ತಾ ಕೂರದೆ ಮೊದಲು ಮೂಲವನ್ನೇ ಬೇರ್ಪಡಿಸಿ. ಲೋಡ್ ಆಫ್ ಮಾಡಿದರೂ ಟರ್ಮಿನಲ್ ಮೇಲಿನ ವೋಲ್ಟೇಜ್ ಹಾಗೇ ಇರುತ್ತದೆ.

ಓಟಿಪಿ, ಅಂದರೆ ಬಿಸಿಯ ಅಲಾರ್ಮ್ ಬಂದರೆ ಮೇನ್ ಸ್ವಿಚ್ ಆರಿಸಬೇಡಿ, ಫ್ಯಾನ್ ತಿರುಗುತ್ತಿರಲಿ. ಗಾಳಿ ಹೋಗುವ ಜಾಲರಿಯಲ್ಲಿ ಧೂಳು ಕಟ್ಟಿದೆಯೇ, ಹಿಂಭಾಗ ಗೋಡೆಗೆ ತಾಗಿದೆಯೇ ನೋಡಿ.

ಎಲ್ಲಕ್ಕಿಂತ ಅಪಾಯದ್ದು ಪ್ಲಸ್–ಮೈನಸ್ ಅದಲು ಬದಲಾಗುವುದು. ಲೋಡ್ ಒಳಗೆ ಕರೆಂಟ್ ನಿಯಂತ್ರಿಸುವ ಟ್ರಾನ್ಸಿಸ್ಟರ್‌ಗಳಾದ ಮಾಸ್‌ಫೆಟ್‌ಗಳಲ್ಲಿ, ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಒಂದು ಡಯೋಡ್ ಹುದುಗಿರುತ್ತದೆ. ಉಲ್ಟಾ ಕೊಟ್ಟರೆ ಕರೆಂಟ್ ಅದರ ಮೂಲಕ ನೇರವಾಗಿ ಹರಿಯುತ್ತದೆ, ಆಫ್ ಬಟನ್ ಒತ್ತಿದರೂ ನಿಲ್ಲುವುದಿಲ್ಲ. ಬ್ಯಾಟರಿ ನೂರಾರು ಆಂಪ್ ಕೊಡಬಲ್ಲದು. ಹಾಗಾಗಿ ಬ್ಯಾಟರಿಯ ಪ್ಲಸ್ ಲಗ್ (ವೈರ್ ತುದಿಯ ಲೋಹದ ಜೋಡಣೆ) ಪಕ್ಕದಲ್ಲೇ ಫ್ಯೂಸ್ ಹಾಕಿ. 10 ಆಂಪ್ ಟೆಸ್ಟ್‌ಗೆ 15 ಆಂಪ್‌ನದು ಸಾಕು. ಫ್ಯೂಸ್ ಇಲ್ಲದೆ ಈ ಟೆಸ್ಟ್ ಮಾಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕೊನೆಯದಾಗಿ ವೈರ್. 1.5 ಚದರ ಎಂಎಂ ತಾಮ್ರದ ವೈರ್ ಮೀಟರ್‌ಗೆ ಸುಮಾರು 12 ಮಿಲಿಓಮ್. ಹೋಗಿ ಬರುವುದು ಸೇರಿ 2 ಮೀಟರ್ ಎಂದರೆ 10 ಆಂಪ್‌ಗೆ 0.24 ವೋಲ್ಟ್ ದಾರಿಯಲ್ಲೇ ಹೋಯಿತು. ಕಟ್ ಆಫ್ (ಟೆಸ್ಟ್ ನಿಲ್ಲಬೇಕಾದ ವೋಲ್ಟೇಜ್) 10.5 ಇಟ್ಟಿದ್ದರೆ ಬ್ಯಾಟರಿ ಇನ್ನೂ 10.74ರಲ್ಲಿರುವಾಗಲೇ ಟೆಸ್ಟ್ ನಿಲ್ಲುತ್ತದೆ, ಎಎಚ್ ಕಡಿಮೆ ಬರುತ್ತದೆ. 4 ಚದರ ಎಂಎಂ ವೈರ್ ಬಳಸಿ, ಎರಡನ್ನೂ ಒಂದಕ್ಕೊಂದು ಹೆಣೆದು ಎಳೆಯಿರಿ, ಕ್ರೊಕೊಡೈಲ್ ಕ್ಲಿಪ್ ಬದಲು ಲಗ್ ಹಾಕಿ ಬಿಗಿಯಿರಿ. ಲೋಡ್‌ನಲ್ಲಿ ಸೆನ್ಸ್ ಟರ್ಮಿನಲ್ (ವೋಲ್ಟೇಜ್ ಅಳೆಯಲೆಂದೇ ಇರುವ ಟರ್ಮಿನಲ್) ಇದ್ದರೆ ಎರಡು ಸಣ್ಣ ವೈರ್‌ಗಳನ್ನು ಬ್ಯಾಟರಿಯ ಟರ್ಮಿನಲ್‌ಗೇ ಜೋಡಿಸಿ, ಮೆನುವಿನಲ್ಲಿ ಸೆನ್ಸ್ ಆನ್ ಮಾಡಿ. ಆ ವೈರ್ ಬಿಚ್ಚಿದ ದಿನ ಮೆನುವಿನಲ್ಲಿ ಆಫ್ ಮಾಡುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಸರಿಯಾದ ಬ್ಯಾಟರಿ ಹಾಕಿದರೂ ಪರದೆ ಸೊನ್ನೆಯ ಆಸುಪಾಸು ತೋರಿಸಬಹುದು.