ಮೊದಲನೆಯದು ಸಿಸೇರಿಯನ್, ಎರಡನೆಯದು ಮನೆಯಲ್ಲೇ ಆಗಲಿ ಅಂದರೆ

"ಡಾಕ್ಟ್ರೇ, ಈ ಸಲ ನಾನು ಆಸ್ಪತ್ರೆಗೆ ಬರಲ್ಲ. ಮನೇಲೇ ಹೆರಿಗೆ ಮಾಡಿಸ್ಕೋತೀನಿ."

ಏಳು ತಿಂಗಳ ಬಸುರಿ. ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳಿಬಿಟ್ಟರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತು ಅಂತ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಗಂಡ ಫೈಲು ಹಿಡಿದು ನೆಲ ನೋಡುತ್ತಾ ಕೂತಿದ್ದರು. ಮೊದಲ ಮಗು ಸಿಸೇರಿಯನ್, ಮೂರು ವರ್ಷದ ಹಿಂದೆ.

ವೃತ್ತಿಗೆ ಬಂದ ಹೊಸದರಲ್ಲಿ ಆಗಿದ್ದರೆ ಬೈದು ಕಳಿಸುತ್ತಿದ್ದೆನೇನೋ. ಈಗ ಮೊದಲು ಕೇಳುವುದು ಒಂದೇ: "ಹೋದ ಸಲ ಏನಾಯ್ತು, ಹೇಳಿ."

ಹೇಳಿದರು. ಒಂಬತ್ತು ಗಂಟೆ ಅಂಗಾತ ಮಲಗಿಸಿದ್ದರಂತೆ. ಹೊಟ್ಟೆಗೆ ಮಗುವಿನ ಎದೆಬಡಿತ ನೋಡುವ ಬೆಲ್ಟ್, ಕೈಗೆ ಡ್ರಿಪ್, ಏಳುವ ಹಾಗಿಲ್ಲ. ಗಂಡನನ್ನು ಒಳಗೆ ಬಿಡಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಓಟಿಗೆ, ಅಂದರೆ ಆಪರೇಷನ್ ಕೋಣೆಗೆ, ತಳ್ಳಿಕೊಂಡು ಹೋದರು. "ಸಹಿ ಹಾಕಿ ಅಂದ್ರು, ಹಾಕ್ದೆ. ಯಾಕೆ ಸಿಸೇರಿಯನ್ ಮಾಡಿದ್ರು ಅಂತ ಇವತ್ತಿಗೂ ಗೊತ್ತಿಲ್ಲ."

ಸಿಸೇರಿಯನ್ ಆದಮೇಲೆ ಮನೆ ಹೆರಿಗೆ ಬೇಕು ಅಂತ ಬರುವವರ ಕತೆ ಬಹುತೇಕ ಹೀಗೇ ಇರುತ್ತದೆ. ಮನೆಯ ಮೇಲಿನ ಆಸೆಗಿಂತ ಆ ಲೇಬರ್ ರೂಮಿನ ಭಯ ಜಾಸ್ತಿ. ಆ ಭಯಕ್ಕೆ ಉತ್ತರ ಕೊಡದೆ ಬರೀ ಅಪಾಯದ ಲೆಕ್ಕ ಹೇಳುತ್ತಾ ಕೂತರೆ ಅವರು ತಲೆಯಾಡಿಸಿ ಎದ್ದು ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಅದು ಇನ್ನೂ ಅಪಾಯ.

ಅವರ ಫೈಲಿನಲ್ಲಿ ನಾನು ಹುಡುಕಿದ್ದು ಹಳೆಯ ಆಪರೇಷನ್ ನೋಟ್. ಹೊಟ್ಟೆಯ ಮೇಲಿನ ಗೆರೆ ನೋಡಿ ಏನೂ ಹೇಳಲು ಬರುವುದಿಲ್ಲ. ಚರ್ಮ ಅಡ್ಡಕ್ಕೆ ಕೊಯ್ದಿದ್ದರೂ ಒಳಗೆ ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು. ಈಗ ಸಾಮಾನ್ಯವಾಗಿ ಗರ್ಭಕೋಶದ ಕೆಳಗಿನ ತೆಳು ಭಾಗದಲ್ಲಿ ಅಡ್ಡಕ್ಕೆ ಕೊಯ್ಯುತ್ತಾರೆ. ಕಾಗದದಲ್ಲಿ 'ಎಲ್‌ಎಸ್‌ಸಿಎಸ್' ಅಂತ ಬರೆಯುವುದು ಅದನ್ನೇ. ನೋವು ಬಂದಾಗ ಆ ಭಾಗ ಮೇಲಿನ ಭಾಗದಷ್ಟು ಜೋರಾಗಿ ಬಿಗಿಯುವುದಿಲ್ಲ, ಹಾಗಾಗಿ ಅಲ್ಲಿನ ಗಾಯ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮೇಲಿನ ದಪ್ಪ ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ, ಇಲ್ಲವೇ ಗರ್ಭಕೋಶ ಹಿಂದೆ ಒಮ್ಮೆ ಬಿರಿದಿದ್ದರೆ, ನೋವು ಬರುವವರೆಗೆ ಕಾಯುವ ಮಾತೇ ಇಲ್ಲ. ಮನೆಯಲ್ಲೂ ಇಲ್ಲ, ಆಸ್ಪತ್ರೆಯಲ್ಲೂ ಇಲ್ಲ.

'ಒಮ್ಮೆ ಸಿಸೇರಿಯನ್ ಆದರೆ ಮುಂದೆಲ್ಲಾ ಸಿಸೇರಿಯನ್ನೇ' ಅನ್ನುವ ಮಾತು ಕೇಳಿರುತ್ತೀರಿ. ಅದನ್ನು 1916ರಲ್ಲಿ ಬರೆದವರು ಅಮೆರಿಕದ ಡಾ. ಎಡ್ವಿನ್ ಕ್ರೇಗಿನ್. ಆಗ ಗರ್ಭಕೋಶವನ್ನು ಉದ್ದಕ್ಕೆ ಕೊಯ್ಯುವುದೇ ರೂಢಿ. ಅಷ್ಟೇ ಅಲ್ಲ, ಮೊದಲ ಸಿಸೇರಿಯನ್ ಸುಮ್ನೆ ಮಾಡಬೇಡಿ ಅಂತ ಡಾಕ್ಟರುಗಳಿಗೇ ಹೇಳಿದ ಬುದ್ಧಿಮಾತು ಅದು. ನಾವು ಮುಂದಿನ ಅರ್ಧವನ್ನು ಮಾತ್ರ ಇಟ್ಟುಕೊಂಡೆವು.

ಇವರ ನೋಟ್‌ನಲ್ಲಿ ಎಲ್‌ಎಸ್‌ಸಿಎಸ್ ಅಂತ ಸ್ಪಷ್ಟವಾಗಿತ್ತು. ಕಾರಣವೂ ಇತ್ತು: ಮಗುವಿನ ಎದೆಬಡಿತ ಇಳಿದಿತ್ತು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಹೇಳೋಕೆ ಏನಾಗಿತ್ತು ಅವರಿಗೆ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದೇ ಸಿಸೇರಿಯನ್ ಆಗಿ, ಗಾಯ ಕೆಳಗೆ ಅಡ್ಡಕ್ಕಿದ್ದು, ನಾರ್ಮಲ್ ಹೆರಿಗೆಗೆ ಪ್ರಯತ್ನಿಸಿದರೆ 100ಕ್ಕೆ ಸುಮಾರು 72ರಿಂದ 75 ಜನಕ್ಕೆ ಆಗುತ್ತದೆ. ಹಿಂದೆ ಒಂದು ನಾರ್ಮಲ್ ಹೆರಿಗೆ ಆಗಿದ್ದರೆ 85ರಿಂದ 90. ಹಳೆಯ ಗಾಯ ಬಿರಿಯುವ ಅಪಾಯ ತಾನಾಗಿ ನೋವು ಬಂದವರಲ್ಲಿ ಸುಮಾರು 200ಕ್ಕೆ ಒಬ್ಬರಿಗೆ. ಔಷಧಿ ಕೊಟ್ಟು ನೋವು ಬರಿಸಿದರೆ ಅದು ಎರಡು ಮೂರು ಪಟ್ಟು ಆಗುತ್ತದೆ. ಹೆರಿಗೆಗಳ ನಡುವಿನ ಅಂತರ ಒಂದೂವರೆ ವರ್ಷಕ್ಕಿಂತ ಕಡಿಮೆ ಇದ್ದರೂ ಅಪಾಯ ಏರುತ್ತದೆ.

ಗಂಡ ಮೊದಲ ಸಲ ತಲೆ ಎತ್ತಿದರು. "200ರಲ್ಲಿ 199 ಜನಕ್ಕೆ ಏನೂ ಆಗಲ್ಲ ಅಂದ ಹಾಗಾಯ್ತಲ್ಲ ಮೇಡಂ?"

ಹೌದು, ಆಗಲ್ಲ. ಈ ಸಂಖ್ಯೆ ತೋರಿಸಿ ಹೆದರಿಸುವ ಡಾಕ್ಟರುಗಳನ್ನು ಕಂಡರೆ ನನಗೂ ಆಗುವುದಿಲ್ಲ. ಆದರೆ ಅಪಾಯ ತೂಗುವಾಗ ಎಷ್ಟು ಜನಕ್ಕೆ ಅನ್ನುವುದು ಒಂದು ತಟ್ಟೆ. ಆದಾಗ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಇನ್ನೊಂದು ತಟ್ಟೆ. ಹೆರಿಗೆಯ ತೊಂದರೆಗಳಲ್ಲಿ ಹಲವು ನಿಧಾನವಾಗಿ ಬರುತ್ತವೆ. ನೋವು ಮುಂದುವರಿಯದೆ ನಿಂತರೆ ಗಾಡಿ ಹತ್ತಿಸಿ ಕರೆದುಕೊಂಡು ಹೋಗಲು ಸಮಯ ಇರುತ್ತದೆ. ಗರ್ಭಕೋಶ ಬಿರಿದರೆ ಹಾಗಲ್ಲ. ಮಾಸು (ಪ್ಲಾಸೆಂಟಾ) ಕಿತ್ತುಬರಬಹುದು, ಮಗು ಗರ್ಭಕೋಶದಿಂದ ಹೊಟ್ಟೆಯೊಳಕ್ಕೆ ಜಾರಬಹುದು, ಮಗುವಿಗೆ ಆಮ್ಲಜನಕ ನಿಂತೇ ಹೋಗಬಹುದು. ಹಳೆಯ ಅಧ್ಯಯನಗಳಲ್ಲಿ 17-18 ನಿಮಿಷ ಅನ್ನುವ ಲೆಕ್ಕ ಬರುತ್ತದೆ. ಎದೆಬಡಿತ ಕುಸಿದು ಅಷ್ಟರೊಳಗೆ ಹೊರತೆಗೆದ ಮಕ್ಕಳು ಹೆಚ್ಚಾಗಿ ಚೇತರಿಸಿಕೊಂಡಿದ್ದಾರೆ. ಅದಕ್ಕೂ ಮೊದಲೇ ಪೆಟ್ಟು ತಿಂದ ಮಕ್ಕಳೂ ಇದ್ದಾರೆ.

ಆ 18 ನಿಮಿಷವನ್ನು ಮನೆಯಲ್ಲಿ ಎಣಿಸಿ ನೋಡಿ. ಏನೋ ಸರಿಯಿಲ್ಲ ಅಂತ ಗೊತ್ತಾಗಲು ಒಂದಿಷ್ಟು. ಫೋನು, ಗಾಡಿ, ಮೆಟ್ಟಿಲು, ರಸ್ತೆ. ಆಸ್ಪತ್ರೆಯ ಬಾಗಿಲಿಂದ ಓಟಿಯವರೆಗೆ. ಅರಿವಳಿಕೆ ಕೊಡಲು ಇನ್ನೊಂದಿಷ್ಟು. ಮೊದಲ ಹಂತವೇ ಕಷ್ಟದ್ದು. ಬಿರಿತದ ಮುನ್ಸೂಚನೆ ಹೆಚ್ಚಿನ ಸಲ ಸಿಗುವುದು ಮಗುವಿನ ಎದೆಬಡಿತದಲ್ಲಿ. ಅದಕ್ಕೇ ಆಸ್ಪತ್ರೆಯಲ್ಲಿ ಬಿಡದೆ ಗ್ರಾಫ್ ತೆಗೆಯುವುದು. ಮನೆಯಲ್ಲಿ ಎಷ್ಟೇ ನುರಿತ ಮಿಡ್‌ವೈಫ್ ಇದ್ದರೂ ಆಗಾಗ ಕೇಳಿಸಿಕೊಳ್ಳುವುದಷ್ಟೇ ಸಾಧ್ಯ. ಹೊಟ್ಟೆ ನೋವನ್ನೇ ನಂಬಿ ಕೂರುವ ಹಾಗಿಲ್ಲ, ಎಷ್ಟೋ ಸಲ ಅದು ತಡವಾಗಿ ಬರುತ್ತದೆ. ಬಂದರೆ ಗುರುತು ಇದು: ಹೆರಿಗೆ ನೋವು ಬಂದು ಹೋಗುತ್ತದೆ, ನಡುವೆ ಹೊಟ್ಟೆ ಸಡಿಲವಾಗುತ್ತದೆ. ಬಿಡುವೇ ಕೊಡದೆ ನಿಂತ ನೋವು, ರಕ್ತ, ಜೋರಾಗಿ ಬರುತ್ತಿದ್ದ ನೋವು ಫಕ್ಕನೆ ನಿಂತುಹೋಗುವುದು, ಇವು ಬೇರೆಯೇ.

ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2017ರಲ್ಲಿ, ಹಿಂದೆ ಸಿಸೇರಿಯನ್ ಆದವರಿಗೆ ಮನೆ ಹೆರಿಗೆ ಕೂಡದು ಅಂತಲೇ ಹೇಳಿದೆ. ಬ್ರಿಟನ್ನಿನ ತಜ್ಞರ ಕಾಲೇಜು 2015ರಲ್ಲಿ, ತಕ್ಷಣ ಸಿಸೇರಿಯನ್ ಮಾಡಲು ಬೇಕಾದ ಜನ, ಸಲಕರಣೆ ಇರುವ ಕಡೆ ಹೆರಿಗೆ ಆಗಲಿ ಅಂದಿದೆ. ಮನೆ ಹೆರಿಗೆ ಸುರಕ್ಷಿತ ಅಂತ ತೋರಿಸಲು ಜನ ತರುವ ಇಂಗ್ಲೆಂಡಿನ 2011ರ ದೊಡ್ಡ ಅಧ್ಯಯನದ ಮುಖ್ಯ ಹೋಲಿಕೆ ಇರುವುದು ತೊಂದರೆ ಇಲ್ಲದ ಬಸುರಿಯರದ್ದು. ಸಿಸೇರಿಯನ್ ಆದವರನ್ನು ಆ ಗುಂಪಿನಿಂದ ಹೊರಗಿಟ್ಟಿದ್ದರು. ಇದನ್ನು ಯಾರೂ ಹೇಳುವುದೇ ಇಲ್ಲ.

ಆದರೆ ಆಸ್ಪತ್ರೆ ಅಂತ ಬೋರ್ಡು ಇದ್ದ ಮಾತ್ರಕ್ಕೆ ಸಾಲದು. ಅರಿವಳಿಕೆ ಡಾಕ್ಟರು ರಾತ್ರಿ ಹೊತ್ತು ಮನೆಯಲ್ಲಿದ್ದು, ಫೋನು ಮಾಡಿದರೆ ಮುಕ್ಕಾಲು ಗಂಟೆಗೆ ಬರುವ ಕಡೆ ಹೆರಿಗೆಗೆ ಹೋದರೆ, ಈ ಒಂದು ವಿಷಯದಲ್ಲಿ ಅದಕ್ಕೂ ಮನೆಗೂ ದೊಡ್ಡ ವ್ಯತ್ಯಾಸ ಇಲ್ಲ. ಹಾಗಾಗಿ ಮೊದಲೇ ನೇರವಾಗಿ ಕೇಳಿ. ರಾತ್ರಿ ಎರಡು ಗಂಟೆಗೆ ಓಟಿ ತೆರೆಯಲು ಎಷ್ಟು ನಿಮಿಷ? ಅರಿವಳಿಕೆ ಡಾಕ್ಟರು ಒಳಗೇ ಇರುತ್ತಾರಾ? ರಕ್ತ ಎಲ್ಲಿಂದ ಬರುತ್ತದೆ? ಮಗುವಿನ ಡಾಕ್ಟರು? ಕೇಳಿದ್ದಕ್ಕೆ ಸಿಡುಕಿದರೆ ಬೇರೆ ಕಡೆ ನೋಡಿ.

ಇನ್ನೊಂದು ದಾರಿಯೂ ಇದೆ: ಮತ್ತೆ ಸಿಸೇರಿಯನ್, 39 ವಾರ ತುಂಬಿದ ಮೇಲೆ, ದಿನ ಗೊತ್ತು ಮಾಡಿಕೊಂಡು. ಗಾಯ ಬಿರಿಯುವ ಭಯ ಬಹುಮಟ್ಟಿಗೆ ಇಲ್ಲ. ಆದರೆ ಬೆಲೆ ಮುಂದಿನ ಬಸಿರಿನಲ್ಲಿ ತೆರಬೇಕಾಗಬಹುದು. ಮಾಸು ಕೆಳಗೆ ಬಂದು ಹಳೆಯ ಗಾಯಕ್ಕೆ ಬೇರಿನ ಹಾಗೆ ಅಂಟಿಕೊಳ್ಳುವ ತೊಂದರೆ ಪ್ರತಿ ಸಿಸೇರಿಯನ್ನಿಗೂ ಏರುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತವರಲ್ಲಿ, ಒಂದು ಸಿಸೇರಿಯನ್ ಆಗಿದ್ದರೆ 100ಕ್ಕೆ ಸುಮಾರು 11 ಜನಕ್ಕೆ, ಎರಡು ಆಗಿದ್ದರೆ 40 ಜನಕ್ಕೆ ಹೀಗಾಗುತ್ತದೆ. ಮನೆಯೋ ಆಸ್ಪತ್ರೆಯೋ, ಮಾಸು ಎಲ್ಲಿದೆ ಅಂತ ನೋಡುವ ಸ್ಕ್ಯಾನ್ ಮಾತ್ರ ಬಿಡಬೇಡಿ.

ಇಷ್ಟೆಲ್ಲಾ ಕೇಳಿಯೂ ಮನೆಯಲ್ಲೇ ಅನ್ನುವವರು ಇರುತ್ತಾರೆ. ಅವರಿಗೆ ಬಾಗಿಲು ಹಾಕುವುದಿಲ್ಲ. ಮನೆಯಲ್ಲಿ ಬೇಡ ಅನ್ನುವುದೇ ನನ್ನ ಅಭಿಪ್ರಾಯ, ಅದನ್ನು ಮುಚ್ಚಿಡದೆ ಹೇಳುತ್ತೇನೆ. ಆಮೇಲೂ ತಪಾಸಣೆಗೆ ಬನ್ನಿ ಅನ್ನುತ್ತೇನೆ. ತರಬೇತಾದ ಮಿಡ್‌ವೈಫ್ ಇಲ್ಲದೆ ಬೇಡ, ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ತಿಳಿಸಿ, ಗಾಡಿ ಬಾಗಿಲಲ್ಲೇ ಇರಲಿ.

ಇವರು ಒಂದು ವಾರ ಬಿಟ್ಟು ಬಂದರು. ಹಾಳೆಯಲ್ಲಿ ಐದು ಸಾಲು ಬರೆದು ತಂದಿದ್ದರು. ಗಂಡ ಜೊತೆಗಿರಬೇಕು. ನಡೆದಾಡಲು ಬಿಡಬೇಕು. ಒಳಗೆ ಪರೀಕ್ಷೆ ಮಾಡುವ ಮುಂಚೆ ಕೇಳಬೇಕು. ಏನೇ ಮಾಡಿದರೂ ಯಾಕೆ ಅಂತ ಹೇಳಬೇಕು. ಹೊಟ್ಟೆಗೆ ಬೆಲ್ಟ್ ಬೇಡ. ನಾಲ್ಕಕ್ಕೆ ಒಪ್ಪಿದೆ, ಐದನೆಯದಕ್ಕೆ ಇಲ್ಲ. ವೈರಿಲ್ಲದ ಬೆಲ್ಟ್ ಇದೆ, ಕಟ್ಟಿಕೊಂಡೇ ಓಡಾಡಬಹುದು ಅಂತ ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಆಗಬಹುದು" ಅಂದರು.

40ನೇ ವಾರ ನೋವು ತಾನಾಗಿ ಬಂತು. ಕಾರಿಡಾರಿನಲ್ಲಿ ಗಂಡನ ಹೆಗಲು ಹಿಡಿದು ಎಷ್ಟು ಸುತ್ತು ಹಾಕಿದರೋ. ಗರ್ಭಕೋಶದ ಬಾಯಿ ಏಳು ಸೆಂಟಿಮೀಟರಿನಷ್ಟು ತೆರೆದು ನಿಂತುಬಿಟ್ಟಿತು. ಎರಡು ಗಂಟೆ ಕಾದೆವು, ಇನ್ನೆರಡು ಗಂಟೆ ಕಾದೆವು, ಕದಲಲಿಲ್ಲ. ಗ್ರಾಫಿನಲ್ಲೂ ಇಳಿತ ಕಾಣತೊಡಗಿತು. ಹಾಳೆಯನ್ನು ಅವರ ಮುಂದೆ ಹಿಡಿದು ಬೆರಳಿಟ್ಟು ತೋರಿಸಿದೆ. "ಹೋಗೋಣ ಡಾಕ್ಟ್ರೇ" ಅಂದರು. ಸಿಸೇರಿಯನ್ನೇ ಆಯಿತು. ಗಾಯದ ಭಾಗ ತೆಳುವಾಗಿತ್ತು, ಬಿರಿದಿರಲಿಲ್ಲ. ಹೊಲಿಗೆ ಹಾಕುತ್ತಿರುವಾಗಲೇ ಮಗು ಅವರ ಎದೆಯ ಮೇಲಿತ್ತು.

ಡಿಸ್ಚಾರ್ಜ್ ದಿನ ಕಾಗದ ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದರು. "ಗರ್ಭಕೋಶದ ಗಾಯ ಅಡ್ಡಾನೋ ಉದ್ದಾನೋ ಬರೆದೇ ಇಲ್ವಲ್ಲ ಡಾಕ್ಟ್ರೇ?"

ಪೆನ್ನು ತೆಗೆದು ಬರೆದುಕೊಟ್ಟೆ.