ಐಸ್ ಹಾಕಿಯಲ್ಲಿ ಯಾರು ದೊಡ್ಡವರು? ಲೆಕ್ಕ ಹಾಕಿ ನೋಡೋಣ

2025ರ ಏಪ್ರಿಲ್ 6. ನ್ಯೂಯಾರ್ಕ್ ಅಂಚಿನ ಒಂದು ಐಸ್ ರಿಂಕ್‌ನಲ್ಲಿ ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ ತನ್ನ 895ನೇ ಗೋಲು ಹೊಡೆದ. ಅಲ್ಲಿಯವರೆಗಿನ ದಾಖಲೆ 894. ಅದು ಕೆನಡಾದ ವೇಯ್ನ್ ಗ್ರೆಟ್ಸ್ಕಿಯದು. 1999ರಲ್ಲಿ ನಿವೃತ್ತನಾಗುವಷ್ಟರಲ್ಲಿ ಗ್ರೆಟ್ಸ್ಕಿ 1,487 ಪಂದ್ಯ ಆಡಿದ್ದ. ಒವೆಚ್ಕಿನ್ ದಾಖಲೆ ಮುರಿದದ್ದೂ ಸರಿಯಾಗಿ ತನ್ನ 1,487ನೇ ಪಂದ್ಯದಲ್ಲಿ! ಹಾಗಾದರೆ ಇನ್ನೇನು, ಒವೆಚ್ಕಿನ್ನೇ ದೊಡ್ಡವನು ಅಂತ ತೀರ್ಮಾನ ಮಾಡಿಬಿಡಬಹುದಲ್ವಾ? ಕೆನಡಾದಲ್ಲಿ ಯಾರನ್ನಾದರೂ ಹೀಗೆ ಕೇಳಿ ನೋಡಿ. ಜಗಳ ಗ್ಯಾರಂಟಿ.

ಇದು ಟರ್ಫ್ ಮೇಲೆ ಆಡುವ ನಮ್ಮ ಹಾಕಿ ಅಲ್ಲ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಮಂಜುಗಡ್ಡೆ ಮೇಲೆ ಜಾರುತ್ತಾ, ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಗೋಲಿಗೆ ಹೊಡೆಯುವ ಆಟ. ಒಂದು ತಂಡದಿಂದ ಐದು ಆಟಗಾರರು, ಜೊತೆಗೊಬ್ಬ ಗೋಲಿ, ಅಂದರೆ ಗೋಲ್‌ಕೀಪರ್. ಗೋಲು ಹೊಡೆದವನಿಗೆ ಒಂದು ಪಾಯಿಂಟ್. ಅದಕ್ಕೆ ಪಾಸ್ ಕೊಟ್ಟ ಇಬ್ಬರವರೆಗೂ ಒಂದೊಂದು ಪಾಯಿಂಟ್. ಈ ಪಾಸ್‌ಗೆ ಅಸಿಸ್ಟ್ ಅನ್ನುತ್ತಾರೆ. ಅಮೆರಿಕ ಮತ್ತು ಕೆನಡಾದ ತಂಡಗಳು ಸೇರಿದ ಎನ್‌ಎಚ್‌ಎಲ್ ಈ ಆಟದ ಅತಿ ದೊಡ್ಡ ಲೀಗ್.

ಮೊದಲ ತೊಡಕು ಕಾಲದ್ದು. 1981-82ರ ಸೀಸನ್‌ನಲ್ಲಿ ಗ್ರೆಟ್ಸ್ಕಿ 92 ಗೋಲು ಹೊಡೆದ. ಒಂದೇ ಸೀಸನ್‌ನಲ್ಲಿ ಅಷ್ಟು ಗೋಲು ಇವತ್ತಿಗೂ ಯಾರಿಂದಲೂ ಆಗಿಲ್ಲ. ಆದರೆ ಆ ವರ್ಷ ಇಡೀ ಲೀಗ್‌ನಲ್ಲೇ ಗೋಲುಗಳ ಸುರಿಮಳೆ. ಪಂದ್ಯಕ್ಕೆ ಎರಡೂ ತಂಡ ಸೇರಿ ಸರಾಸರಿ 8 ಗೋಲು. ಒವೆಚ್ಕಿನ್ 65 ಗೋಲು ಹೊಡೆದ 2007-08ರಲ್ಲಿ ಈ ಸರಾಸರಿ ಸುಮಾರು 5.5ಕ್ಕೆ ಇಳಿದಿತ್ತು. ಕಾರಣ ಮುಖ್ಯವಾಗಿ ಗೋಲಿಗಳು. ಹಿಂದೆಲ್ಲ ಗೋಲಿ ನಿಂತೇ ಪಕ್ ತಡೆಯುತ್ತಿದ್ದ. ಕಾಲಿಗೆ ಕಟ್ಟುತ್ತಿದ್ದ ಚರ್ಮದ ಪ್ಯಾಡ್ ಆಟ ನಡೆದಂತೆ ನೀರು ಹೀರಿ ಭಾರವಾಗುತ್ತಿತ್ತು. ಆಮೇಲೆ ಹಗುರವಾದ, ದೊಡ್ಡ ಪ್ಯಾಡ್‌ಗಳು ಬಂದವು. ಮಂಡಿಯೂರಿ ಎರಡೂ ಕಾಲು ಅಗಲಿಸಿ, ಗೋಲಿನ ಕೆಳಭಾಗವನ್ನೇ ಮುಚ್ಚಿಬಿಡುವ 'ಬಟರ್‌ಫ್ಲೈ' ಶೈಲಿಯೂ ಬಂತು. ಗೋಲಿನ ಬಾಯಿ ಇರುವುದೇ 6 ಅಡಿ ಅಗಲ, 4 ಅಡಿ ಎತ್ತರ. ಅದರ ಕೆಳಗಿನ ಅರ್ಧ ಮುಚ್ಚಿದರೆ ಹೊಡೆಯುವವನಿಗೆ ಉಳಿಯುವುದೆಷ್ಟು?

ಸರಳವಾಗಿ ಗುಣಿಸಿ ನೋಡೋಣ. ಒವೆಚ್ಕಿನ್‌ನ 65 ಗೋಲನ್ನು 1981-82ರ ಸರಾಸರಿಗೆ ಏರಿಸಿದರೆ ಸುಮಾರು 94 ಆಗುತ್ತದೆ. ಗ್ರೆಟ್ಸ್ಕಿಯ 92ಕ್ಕಿಂತ ಎರಡು ಜಾಸ್ತಿ. ಗೋಲು ಹೊಡೆಯುವುದರಲ್ಲಿ ಒವೆಚ್ಕಿನ್ನೇ ಮುಂದು ಎಂಬ ವಾದಕ್ಕೆ ಬಲ ಬಂತು.

ಆದರೆ ಅದೇ ಲೆಕ್ಕವನ್ನು ಒಟ್ಟು ಪಾಯಿಂಟ್‌ಗಳಿಗೆ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಗ್ರೆಟ್ಸ್ಕಿ ಆ ಸೀಸನ್‌ನಲ್ಲಿ ಗಳಿಸಿದ್ದು 212 ಪಾಯಿಂಟ್. 2007-08ರ ಮಟ್ಟಕ್ಕೆ ಇಳಿಸಿದರೂ ಅದು ಸುಮಾರು 146. ಆ ವರ್ಷ ಲೀಗ್‌ನಲ್ಲಿ ಮೊದಲಿಗನಾಗಿದ್ದ ಒವೆಚ್ಕಿನ್ ಗಳಿಸಿದ್ದು 112. ಗ್ರೆಟ್ಸ್ಕಿಯ ನಿಜವಾದ ತಾಕತ್ತು ಇದ್ದದ್ದು ಪಾಸ್‌ನಲ್ಲಿ. ವೃತ್ತಿಜೀವನದ 2,857 ಪಾಯಿಂಟ್‌ಗಳಲ್ಲಿ 1,963 ಅಸಿಸ್ಟ್‌ಗಳೇ. ಎರಡನೇ ಸ್ಥಾನದ ಯಾರೊಮಿರ್ ಯಾಗರ್‌ನ ಗೋಲು, ಅಸಿಸ್ಟ್ ಎಲ್ಲ ಕೂಡಿಸಿದರೂ 1,921. ಅಂದರೆ ಗ್ರೆಟ್ಸ್ಕಿ ಒಂದೂ ಗೋಲು ಹೊಡೆಯದಿದ್ದರೂ ಪಟ್ಟಿಯ ತುದಿಯಲ್ಲೇ ಇರುತ್ತಿದ್ದ!

ಬ್ರಾಡ್ಮನ್‌ನ 99.94ರ ಸರಾಸರಿಯನ್ನು ನಾವು ಅಳೆಯುವುದೂ ಹೀಗೇ. ತನ್ನ ಕಾಲದ ಉಳಿದವರಿಗಿಂತ ಎಷ್ಟು ದೂರ ಇದ್ದ ಅನ್ನುವುದೇ ಅಳತೆ. 1986-87ರಲ್ಲಿ ಗ್ರೆಟ್ಸ್ಕಿಗೆ 183 ಪಾಯಿಂಟ್, ಎರಡನೆಯವನಿಗೆ 108.

ಈ ಅಳತೆಯಲ್ಲೂ ಒಂದು ಮೋಸ ಇದೆ. ಬೇಸ್‌ಬಾಲ್‌ನ ಹಳೇ ದಾಖಲೆಗಳನ್ನು ಕೆದಕುತ್ತಾ ಸ್ಟೀಫನ್ ಜೇ ಗೌಲ್ಡ್ ಎಂಬ ವಿಜ್ಞಾನಿ ಇದನ್ನು ಎತ್ತಿ ತೋರಿಸಿದ. ಒಂದು ಆಟದಲ್ಲಿ ಎಲ್ಲರೂ ಉತ್ತಮವಾಗುತ್ತಾ ಹೋದಂತೆ ಅವರ ನಡುವಿನ ಅಂತರ ಕಡಿಮೆಯಾಗುತ್ತದೆ. ಮೇಲಿನವರು ಮನುಷ್ಯನ ಮಿತಿಯ ಹತ್ತಿರ ಹೋಗಿ ನಿಲ್ಲುತ್ತಾರೆ, ಕೆಳಗಿನವರು ಏರುತ್ತಾ ಬರುತ್ತಾರೆ. ಆಮೇಲೆ ಎಂಥ ಪ್ರತಿಭೆ ಬಂದರೂ ಉಳಿದವರಿಂದ ತುಂಬಾ ದೂರ ಹೋಗುವುದು ಕಷ್ಟ. ಗ್ರೆಟ್ಸ್ಕಿ ಮೆರೆದ ಎಂಬತ್ತರ ದಶಕದಲ್ಲಿ ಎನ್‌ಎಚ್‌ಎಲ್‌ನ ಬಹುಪಾಲು ಆಟಗಾರರು ಕೆನಡಾದವರು. ಸೋವಿಯತ್ ಒಕ್ಕೂಟ ತನ್ನ ಆಟಗಾರರನ್ನು ಅಲ್ಲಿಗೆ ಬಿಡಲು ಶುರು ಮಾಡಿದ್ದೇ 1989ರಲ್ಲಿ. ಅವರೇನು ಸಾಮಾನ್ಯರಲ್ಲ. 1972ರ ಎಂಟು ಪಂದ್ಯಗಳ ಸರಣಿಯಲ್ಲಿ ಕೆನಡಾದ ಘಟಾನುಘಟಿಗಳು ಅವರನ್ನು 4-3ರಿಂದ ಸೋಲಿಸುವಷ್ಟರಲ್ಲಿ ಸುಸ್ತಾಗಿದ್ದರು, ಇನ್ನೊಂದು ಪಂದ್ಯ ಡ್ರಾ. ಹಾಗಾಗಿ ಗ್ರೆಟ್ಸ್ಕಿಯ ಅಂತರದಿಂದ ಸ್ವಲ್ಪ ಕಳೆಯಲೇಬೇಕು. ಎಷ್ಟು ಕಳೆದರೂ ಪಾಯಿಂಟ್ ಗಳಿಸುವುದರಲ್ಲಿ ಆತನೇ ಮುಂದು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಪಾಯಿಂಟ್ ಗಳಿಸುವುದೇ ಆಟವಾ? ಬಾಸ್ಟನ್ ತಂಡದ ಬಾಬಿ ಆರ್ ಡಿಫೆನ್ಸ್ ಆಟಗಾರ. ಆದರೂ ಲೀಗ್‌ನಲ್ಲೇ ಅತಿ ಹೆಚ್ಚು ಪಾಯಿಂಟ್ ಎರಡು ಸಲ ಗಳಿಸಿದ. ಬೇರೆ ಯಾವ ಡಿಫೆನ್ಸ್ ಆಟಗಾರನೂ ಒಮ್ಮೆಯೂ ಇದನ್ನು ಮಾಡಿಲ್ಲ. 1970-71ರಲ್ಲಿ ಆತನ ಪ್ಲಸ್-ಮೈನಸ್ +124. ಆಟಗಾರ ರಿಂಕ್‌ನಲ್ಲಿ ಇದ್ದಾಗ ತಂಡ ಹೊಡೆದ ಗೋಲಿನಿಂದ ಬಿಟ್ಟುಕೊಟ್ಟ ಗೋಲನ್ನು ಕಳೆದರೆ ಬರುವ ಸಂಖ್ಯೆ ಇದು. ಯಾರು ಎಷ್ಟು ಪಾಯಿಂಟ್ ಗಳಿಸಿದರು ಅನ್ನುವುದಕ್ಕಿಂತ ಇದು ಆಟದ ಫಲಿತಾಂಶಕ್ಕೆ ಹತ್ತಿರ. ತೊಂದರೆ ಅಂದರೆ, ಜೊತೆಗೆ ಆಡುವವರು ಒಳ್ಳೆಯವರಾದರೆ ನಿಮ್ಮ ಪ್ಲಸ್ ಸುಮ್ನೆ ಏರುತ್ತದೆ. ಇವತ್ತಿನ ವಿಶ್ಲೇಷಕರು ಯಾವ ಹೊತ್ತಿನಲ್ಲಿ ಯಾರ ಜೊತೆ, ಯಾರ ಎದುರು ಆಡಿದ ಎಂದು ಬಿಡಿಸಿ, ಒಬ್ಬನ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಆರ್ ಆಡಿದ ಕಾಲದಲ್ಲಿ ಆ ಮಟ್ಟದ ವಿವರ ದಾಖಲಾಗುತ್ತಿರಲಿಲ್ಲ. ಮಂಡಿ ಕೈಕೊಟ್ಟು ಆತ ಬೇಗ ನಿವೃತ್ತನಾದದ್ದು ಬೇರೆ.

ಇನ್ನು ಗೋಲಿ. ಮುಂಚೂಣಿ ಆಟಗಾರ 60 ನಿಮಿಷದ ಪಂದ್ಯದಲ್ಲಿ ರಿಂಕ್ ಮೇಲೆ ಇರುವುದು 20 ನಿಮಿಷ. ಗೋಲಿ ಪೂರ್ತಿ 60 ನಿಮಿಷ. ಜೆಕ್ ದೇಶದ ಡೊಮಿನಿಕ್ ಹಾಶೆಕ್ 1998-99ರಲ್ಲಿ ತನ್ನ ಕಡೆ ಬಂದ ಪ್ರತಿ 1,000 ಹೊಡೆತಗಳಲ್ಲಿ 937 ತಡೆದ. ಲೀಗ್‌ನ ಸರಾಸರಿ ಗೋಲಿ ತಡೆಯುತ್ತಿದ್ದದ್ದು 908ರ ಆಸುಪಾಸು. ಆ ಸೀಸನ್‌ನಲ್ಲಿ ಆತ ಎದುರಿಸಿದ್ದು 1,900ರ ಹತ್ತಿರ ಹೊಡೆತ. ಅಂದರೆ ಸಾಮಾನ್ಯ ಗೋಲಿಗಿಂತ 50ಕ್ಕೂ ಹೆಚ್ಚು ಗೋಲು ಉಳಿಸಿದ. ಗೋಲು ಹೊಡೆದವನ ಹೆಸರು ಪಟ್ಟಿಗೆ ಸೇರುತ್ತದೆ, ಆಗದ ಗೋಲಿಗೆ ಪಟ್ಟಿಯೇ ಇಲ್ಲ. ಅದಕ್ಕೇ ಈ ಚರ್ಚೆಗಳಲ್ಲಿ ಗೋಲಿಗಳು ಯಾವಾಗಲೂ ಹಿಂದೆ. ಒಂದೇ ಒಂದು ಸೀಸನ್‌ಗೆ ಆಟಗಾರನನ್ನು ಆರಿಸು ಅಂದರೆ ನಾನು ಹಾಶೆಕ್‌ನನ್ನೇ ಆರಿಸುತ್ತೇನೆ.

ಹಾಶೆಕ್ ಅಭಿಮಾನಿಗಳು ಮಾತ್ರ ಬೇರೆ ಸಾಕ್ಷಿ ಕೊಡುತ್ತಾರೆ. 1998ರ ನಗಾನೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಕೆನಡಾ ಮತ್ತು ಜೆಕ್ 1-1 ಸಮ. ಶೂಟೌಟ್‌ನಲ್ಲಿ ಕೆನಡಾದ ಐವರನ್ನೂ ಹಾಶೆಕ್ ತಡೆದ. ಗ್ರೆಟ್ಸ್ಕಿ ತಂಡದಲ್ಲಿದ್ದರೂ ಆ ಐವರಲ್ಲಿ ಆತನನ್ನು ಕೋಚ್ ಸೇರಿಸಿರಲಿಲ್ಲ. ರೋಮಾಂಚಕ ಕತೆ, ನಿಜ. ಆದರೆ ಶೂಟೌಟ್‌ನಲ್ಲಿ ಸಾಮಾನ್ಯ ಗೋಲಿಯೂ ಮೂರರಲ್ಲಿ ಎರಡು ತಡೆಯುತ್ತಾನೆ. ಸತತ ಐದು ತಡೆಯುವ ಸಾಧ್ಯತೆ ಶೇ. 13ರಷ್ಟು. ಅಂದರೆ ಎಂಟು ಸಲದಲ್ಲಿ ಒಂದು ಸಲ ಯಾರಿಗೆ ಬೇಕಾದರೂ ಇದು ಆಗಬಹುದು. ಹಾಶೆಕ್ ಪರ ವಾದಿಸುವವರು ಆ ಐದು ಹೊಡೆತ ಬಿಟ್ಟು ಈ 1,900 ಹೊಡೆತಗಳ ಲೆಕ್ಕ ಹಿಡಿದುಕೊಂಡು ಬರುವುದು ಒಳ್ಳೆಯದು.