ಪಾಲೇ ಗಾರ್ನಿಯೇ: ಬಾಂಬು, ಅಂತರ್ಜಲ, ಬೆಂಕಿ

ಪ್ಯಾರಿಸ್‌ನ ಒಪೆರಾ ಮಂದಿರವಾದ ಪಾಲೇ ಗಾರ್ನಿಯೇ ಬಗ್ಗೆ ಓದುವವರು ಅದರ ಅಮೃತಶಿಲೆ, ಚಿನ್ನದ ಲೇಪಗಳ ವರ್ಣನೆಯಲ್ಲೇ ನಿಂತುಬಿಡುವುದುಂಟು. ಆದರೆ ಈ ಕಟ್ಟಡದ ಹುಟ್ಟನ್ನು ತಿಳಿಯಲು 1858ರ ಜನವರಿ 14ರ ಸಂಜೆಗೆ ಹೋಗಬೇಕು. ಅಂದು ಹಳೆಯ ಒಪೆರಾ ಮಂದಿರದ ಮುಂದೆ ಚಕ್ರವರ್ತಿ ಮೂರನೆಯ ನೆಪೋಲಿಯನ್‌ನ ಸಾರೋಟಿನ ಮೇಲೆ ಇಟಲಿಯ ಕ್ರಾಂತಿಕಾರಿ ಒರ್ಸಿನಿ ಮತ್ತು ಸಂಗಡಿಗರು ಬಾಂಬುಗಳನ್ನು ಎಸೆದರು. ಹಲವರು ಸತ್ತರು, ಚಕ್ರವರ್ತಿ ಪಾರಾದ. ಇಕ್ಕಟ್ಟಿನ ಬೀದಿಯಲ್ಲಿದ್ದ ಆ ಮಂದಿರದ ಬದಲು ವಿಶಾಲ ಸ್ಥಳದಲ್ಲಿ ಹೊಸದನ್ನು ಕಟ್ಟುವ ನಿರ್ಧಾರ ಇದರಿಂದ ಗಟ್ಟಿಯಾಯಿತು.

ವಿನ್ಯಾಸ ಸ್ಪರ್ಧೆಗೆ 171 ಯೋಜನೆಗಳು ಬಂದವು. 1861ರಲ್ಲಿ ಗೆದ್ದವನು ಅಷ್ಟೇನೂ ಹೆಸರು ಮಾಡಿರದ, 35 ವರ್ಷದ ಶಾರ್ಲ್ ಗಾರ್ನಿಯೇ. ಅವನ ನಕ್ಷೆಯ ಪಶ್ಚಿಮ ಬದಿಯನ್ನು ಗಮನಿಸಿ: ಸಾರೋಟು ನೇರವಾಗಿ ಕಟ್ಟಡದೊಳಕ್ಕೇ ಏರಿ ಬರುವಂತೆ ಅಲ್ಲಿ ಎರಡು ಇಳಿಜಾರು ದಾರಿಗಳಿವೆ. ಚಕ್ರವರ್ತಿ ಬೀದಿಯಲ್ಲಿ ಕಾಲಿಡುವ ಪ್ರಮೇಯವೇ ಬಾರದಿರಲಿ ಎಂಬುದು ಉದ್ದೇಶ.

ಅಡಿಪಾಯದ ಕೆಲಸವೇ ಈ ಇತಿಹಾಸದ ಅತ್ಯಂತ ಸ್ವಾರಸ್ಯಕರ ಭಾಗವೆಂದು ನನಗನಿಸುತ್ತದೆ. ರಂಗದ ಕೆಳಗೆ ಪರದೆ, ಯಂತ್ರಗಳಿಗಾಗಿ ಆಳವಾಗಿ ಅಗೆದಾಗ ಅಂತರ್ಜಲ ನುಗ್ಗಿತು. ಹಬೆಯಂತ್ರದ ಪಂಪುಗಳು ತಿಂಗಳುಗಟ್ಟಲೆ ಹಗಲಿರುಳೂ ನೀರೆತ್ತಿದವು. ಗಾರ್ನಿಯೇ ಕಾಂಕ್ರೀಟಿನ ತಳ ಹಾಕಿ, ಮೇಲೆ ಕಮಾನುಗಳ ದೊಡ್ಡ ತೊಟ್ಟಿ ಕಟ್ಟಿಸಿ, ಅದಕ್ಕೆ ನೀರು ತುಂಬಿಸಿದ. ಒಳಗಿನ ನೀರಿನ ಭಾರ ಹೊರಗಿನ ನೀರಿನ ಒತ್ತಡವನ್ನು ತಡೆಯುತ್ತದೆ, ಬೆಂಕಿ ಬಿದ್ದರೆ ಆರಿಸಲೂ ಒದಗುತ್ತದೆ. ನೆಲದಡಿಯ ಸರೋವರವೆಂಬ ದಂತಕಥೆಯ ಮೂಲ ಈ ತೊಟ್ಟಿಯೇ. ಅಗ್ನಿಶಾಮಕ ದಳದ ಮುಳುಗುಗಾರರು ಇಲ್ಲಿ ಅಭ್ಯಾಸ ನಡೆಸುತ್ತಾರೆ.

1870ರಲ್ಲಿ ಪ್ರಶ್ಯದೊಡನೆ ನಡೆದ ಯುದ್ಧ ಕೆಲಸವನ್ನು ನಿಲ್ಲಿಸಿತು. ನಗರಕ್ಕೆ ಮುತ್ತಿಗೆ ಬಿದ್ದಾಗ ಅರೆಬರೆ ಕಟ್ಟಡ ಉಗ್ರಾಣವಾಯಿತು. ಸಾಮ್ರಾಜ್ಯ ಕುಸಿದ ಮೇಲೆ, ಅದರ ವೈಭವಕ್ಕೆಂದು ಕಟ್ಟುತ್ತಿದ್ದ ಮಂದಿರವನ್ನು ಮುಗಿಸಲು ಗಣರಾಜ್ಯಕ್ಕೆ ಆತುರವಿರಲಿಲ್ಲ. 1873ರ ಅಕ್ಟೋಬರ್‌ನಲ್ಲಿ ಹಳೆಯ ಮಂದಿರ ಸುಟ್ಟು ಬೂದಿಯಾಗದಿದ್ದರೆ ಇನ್ನೆಷ್ಟು ತಡವಾಗುತ್ತಿತ್ತೋ! 1875ರ ಜನವರಿ 5ರಂದು ಉದ್ಘಾಟನೆಯಾದಾಗ ಸ್ವತಃ ಗಾರ್ನಿಯೇ ಟಿಕೆಟಿಗೆ ಹಣ ತೆರಬೇಕಾಯಿತು ಎನ್ನುತ್ತಾರೆ.

ಮೂರನೆಯ ನೆಪೋಲಿಯನ್ ಅದಕ್ಕೆ ಎರಡು ವರ್ಷ ಮುಂಚೆಯೇ ಇಂಗ್ಲೆಂಡಿನಲ್ಲಿ ದೇಶಭ್ರಷ್ಟನಾಗಿ ಸತ್ತಿದ್ದ. ಅವನಿಗೆಂದು ಯೋಜಿಸಿದ್ದ ಪಶ್ಚಿಮದ ಭಾಗ ಪೂರ್ಣವಾಗಿ ಮುಗಿಯಲೇ ಇಲ್ಲ. ಅಲ್ಲೀಗ ಒಪೆರಾದ ಗ್ರಂಥಾಲಯವಿದೆ.